ಉಂಗುರ, ನೀರು, ಮಣ್ಣು: ಐರ್ಲೆಂಡಿನಲ್ಲಿ ಕಣಿ ಕೇಳುವ ರಾತ್ರಿ

ಸುಣ್ಣದ ಗೂಡಿನೊಳಕ್ಕೆ ನೂಲಿನ ಉಂಡೆ ಎಸೆಯಲು ಹುಡುಗಿಗೆ ಎದೆಗಾರಿಕೆ ಬೇಕಿತ್ತು. ಅಕ್ಟೋಬರ್ 31ರ ರಾತ್ರಿ. ಹೊಲದಂಚಿನಲ್ಲಿ ಕಲ್ಲಿನಿಂದ ಕಟ್ಟಿದ, ಮೇಲೆ ಬಾಯಿ ತೆರೆದ ಆಳವಾದ ಗೂಡು. ಬೆಂಕಿ ಆರಿ ಎಷ್ಟೋ ದಿನವಾಗಿ ಒಳಗೆಲ್ಲ ಕತ್ತಲು ತುಂಬಿರುತ್ತಿತ್ತು. ಅವಳು ಮನೆಯಲ್ಲಿ ಯಾರಿಗೂ ಹೇಳದೆ, ದಾರಿಯಲ್ಲಿ ಯಾರೊಡನೆಯೂ ಮಾತಾಡದೆ ಒಬ್ಬಳೇ ಅಲ್ಲಿಗೆ ಹೋಗಬೇಕು. ನೂಲಿನ ತುದಿಯನ್ನು ಕೈಯಲ್ಲಿ ಹಿಡಿದು ಉಂಡೆಯನ್ನು ಒಳಕ್ಕೆ ಬಿಡಬೇಕು. ಆಮೇಲೆ ನಿಧಾನವಾಗಿ ಸುತ್ತಿಕೊಳ್ಳುತ್ತ ಬರಬೇಕು. ಎಲ್ಲೋ ಒಂದು ಕಡೆ ನೂಲು ಬಿಗಿಯಾದರೆ, ಒಳಗಿನಿಂದ ಯಾರೋ ಜಗ್ಗಿದಂತಾದರೆ, "ಯಾರದು ಹಿಡಿದಿರೋದು?" ಎಂದು ಕೇಳಬೇಕು. ಒಳಗಿನಿಂದ ಬಂದ ಹೆಸರೇ ಅವಳ ಗಂಡನ ಹೆಸರು.

ಇದೆಲ್ಲ ಊರಿನ ಹುಡುಗರಿಗೆ ಗೊತ್ತಿಲ್ಲದ ಗುಟ್ಟೇನಲ್ಲ. ಸಂಜೆಯೇ ಹೋಗಿ ಗೂಡಿನೊಳಗೆ ಅಡಗಿ ಕೂತು, ಗಂಟಲು ಬದಲಿಸಿ ಯಾರದೋ ಹೆಸರು ಕೂಗಿ ಹುಡುಗಿಯನ್ನು ಓಡಿಸುವುದು ಅವರ ಪಾಲಿನ ಹಬ್ಬ. ಇನ್ನೂ ಜಾಣನಾದವನು ತನ್ನದೇ ಹೆಸರು ಹೇಳುತ್ತಿದ್ದ ಎಂದುಕೊಳ್ಳಲು ನನಗಂತೂ ಇಷ್ಟ.

ಐರ್ಲೆಂಡಿನವರು ಈ ಹಬ್ಬವನ್ನು 'ಸೌವಿನ್' ಎನ್ನುತ್ತಾರೆ. ಇಂಗ್ಲಿಷಿನ ಬಾಯಲ್ಲಿ ಅದು ಹ್ಯಾಲೋವೀನ್. ಇಂದು ಜಗತ್ತಿಗೆಲ್ಲ ಗೊತ್ತಿರುವುದು ಅಮೆರಿಕ ಸುತ್ತಿಬಂದ ಹ್ಯಾಲೋವೀನ್: ಕುಂಬಳಕಾಯಿ ದೀಪ, ಅಸ್ಥಿಪಂಜರದ ವೇಷ, ಮಿಠಾಯಿ ಬೇಡುವ ಮಕ್ಕಳು. ಐರಿಷ್ ಹಳ್ಳಿಗಳಲ್ಲಿ ಹತ್ತೊಂಬತ್ತನೇ ಶತಮಾನದುದ್ದಕ್ಕೂ, ಇಪ್ಪತ್ತನೆಯದರ ಅರ್ಧದವರೆಗೂ ಇದ್ದ ಹಬ್ಬದಲ್ಲಿ ದೆವ್ವದ ಭಯ ಎಷ್ಟಿತ್ತೋ ಅಷ್ಟೇ, ಒಮ್ಮೊಮ್ಮೆ ಅದಕ್ಕಿಂತ ಹೆಚ್ಚಾಗಿ, ಕಣಿ ಕೇಳುವ ಆತುರವಿತ್ತು. ಕಣಿ ಹೇಳುವವರು ಬೇರೆ ಯಾರೂ ಇರಲಿಲ್ಲ. ಒಲೆ, ಕಾಯಿ, ಸೇಬು, ಸೊಪ್ಪು, ಉಪ್ಪು, ಬೂದಿ, ಅಡುಗೆಮನೆಯಲ್ಲಿ ಏನಿತ್ತೋ ಅದೇ ಮಾತಾಡುತ್ತಿತ್ತು.

ಆ ರಾತ್ರಿಯೇ ಯಾಕೆ? ಹಳೆಯ ಗೇಲಿಕ್ ಲೆಕ್ಕದಲ್ಲಿ ವರ್ಷಕ್ಕೆ ಎರಡು ಹೋಳು. ಮೇ ಒಂದಕ್ಕೆ ಬೇಸಿಗೆಯ ಅರ್ಧ ಶುರು, ನವೆಂಬರ್ ಒಂದಕ್ಕೆ ಚಳಿಗಾಲದ ಅರ್ಧ. ಹಗಲಿಗಿಂತ ಮೊದಲು ರಾತ್ರಿಯನ್ನು ಎಣಿಸುವವರಾದ್ದರಿಂದ ಹಿಂದಿನ ದಿನ ಸೂರ್ಯ ಮುಳುಗಿದೊಡನೆ ಹಬ್ಬ ಬಂದಂತೆ. ಅಷ್ಟು ಹೊತ್ತಿಗೆ ಬೆಳೆ ಒಳಗೆ ಬಂದಿರುತ್ತದೆ, ಬೆಟ್ಟದ ಹುಲ್ಲುಗಾವಲಿಗೆ ಹೋಗಿದ್ದ ದನ ಮನೆಗೆ ಮರಳಿರುತ್ತವೆ, ಆಲೂಗಡ್ಡೆ ಅಗೆದಾಗಿರುತ್ತದೆ. ಜಮೀನ್ದಾರನಿಗೆ ಗೇಣಿ ಕಟ್ಟುವ ಎರಡು ಗಡುವುಗಳಲ್ಲಿ ಒಂದು ಮೇ ತಿಂಗಳಲ್ಲಿ, ಇನ್ನೊಂದು ನವೆಂಬರ್‌ನಲ್ಲಿ. ಕೂಲಿಯಾಳುಗಳ ಅರ್ಧ ವರ್ಷದ ಕರಾರು ಮುಗಿಯುವುದೂ ಆಗಲೇ. ಲೆಕ್ಕ ಚುಕ್ತಾ ಆದ ಮೇಲೆ ಮುಂದೇನು ಎಂಬ ಪ್ರಶ್ನೆ ತಾನಾಗಿ ಬರುತ್ತದೆ. ಹೊಲದ ಕೆಲಸವಿಲ್ಲದ ಉದ್ದದ ರಾತ್ರಿಗಳು ಎದುರಿಗಿರುತ್ತವೆ.

ಇದಕ್ಕಿಂತ ಹಳೆಯ ಕಾರಣವೂ ಇದೆ. ಸೌವಿನ್ ರಾತ್ರಿ ಕಾಲದ ಗೋಡೆ ತೆಳುವಾಗುತ್ತದೆ ಎಂಬ ನಂಬಿಕೆ ಐರಿಷ್ ಮಧ್ಯಯುಗದ ಕತೆಗಳಲ್ಲೇ ಸಿಗುತ್ತದೆ. ಅವುಗಳಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ನೆರಾ ಎಂಬಾತನ ಸಾಹಸದ ಕತೆ. ಕನಾಖ್ಟ್ ಸೀಮೆಯ ದೊರೆ ಐಲಿಲ್ ಮತ್ತು ರಾಣಿ ಮೇವ್ ಕೋಟೆಯಲ್ಲಿ ಹಬ್ಬದಡುಗೆಗೆ ಕಾದು ಕೂತಿದ್ದಾರೆ. ಹಿಂದಿನ ದಿನ ಇಬ್ಬರು ಸೆರೆಯಾಳುಗಳನ್ನು ಹೊರಗೆ ನೇಣು ಹಾಕಲಾಗಿದೆ. ಕತ್ತಲಲ್ಲಿ ಹೋಗಿ ನೇತಾಡುವ ಹೆಣದ ಕಾಲಿಗೆ ಬೆತ್ತದ ಬಳೆ ಹಾಕಿ ಬಂದವರಿಗೆ ಬಹುಮಾನ ಎಂದು ದೊರೆ ಸಾರುತ್ತಾನೆ. ಹೋದವರೆಲ್ಲ ಹೆದರಿ ವಾಪಸು. ನೆರಾ ಮಾತ್ರ ಕೆಲಸ ಮುಗಿಸುತ್ತಾನೆ. ಆಗ ಹೆಣ ಬಾಯಿ ಬಿಟ್ಟು, ಸಾಯುವಾಗ ಬಾಯಾರಿತ್ತು, ನೀರು ಕುಡಿಸು ಅನ್ನುತ್ತದೆ. ಅದನ್ನು ಬೆನ್ನಿಗೆ ಹೊತ್ತು, ನೀರು ಕುಡಿಸಿ, ಮತ್ತೆ ನೇಣಿಗೆ ಮರಳಿಸಿ ತಿರುಗಿ ನೋಡಿದರೆ ಕೋಟೆ ಉರಿದು ಬೂದಿಯಾಗಿದೆ, ತಲೆಗಳು ರಾಶಿ ಬಿದ್ದಿವೆ. ಕೊಂದ ಪಡೆಯ ಹಿಂದೆಯೇ ಅವನು ಗುಹೆಯೊಳಗೆ ಇಳಿದು ಭೂಗತ ಲೋಕ ಸೇರುತ್ತಾನೆ. ಅಲ್ಲಿ ಅವನ ಹೆಂಡತಿಯಾದವಳು ಗುಟ್ಟು ಬಿಡಿಸುತ್ತಾಳೆ: ನೀನು ಕಂಡದ್ದು ಆದದ್ದಲ್ಲ, ಆಗಲಿರುವುದು. ಈಗಲೇ ಹೋಗಿ ಎಚ್ಚರಿಸದಿದ್ದರೆ ಅದು ನಿಜವಾಗುತ್ತದೆ. ಅವನು ಇಷ್ಟೆಲ್ಲ ದಿನ ಕಳೆದು ಮೇಲೆ ಬಂದರೆ, ಅವನವರು ಇನ್ನೂ ಅದೇ ಹಂಡೆಯ ಸುತ್ತ ಕೂತಿದ್ದಾರೆ, ಅಡುಗೆ ಒಲೆಯಿಂದ ಇಳಿದೂ ಇಲ್ಲ. ಸಾಕ್ಷಿಗೆಂದು ಅವನು ತಂದದ್ದು ಬೇಸಿಗೆಯಲ್ಲಷ್ಟೇ ಸಿಗುವ ಹೂವು ಸೊಪ್ಪುಗಳನ್ನು.

ಆ ಗುಹೆ ರಾಸ್‌ಕಾಮನ್ ಕೌಂಟಿಯ ರಾತ್‌ಕ್ರೋಹನ್‌ನಲ್ಲಿ ಇಂದಿಗೂ ಇದೆ. ಮೈ ಕುಗ್ಗಿಸಿ ನುಸುಳಬೇಕಾದ ಕಿಂಡಿ, ಹೆಸರು 'ಬೆಕ್ಕುಗಳ ಗುಹೆ'. ಕತೆಯಲ್ಲಿ ಗಮನಿಸಬೇಕಾದ್ದು ಇದು: ಕಂಡ ಭವಿಷ್ಯವನ್ನು ತಪ್ಪಿಸಬಹುದು. ನೆರಾ ಹಾಗೆ ತಪ್ಪಿಸುತ್ತಾನೆ ಕೂಡ. ಕೆಲವು ಶತಮಾನಗಳಾಚೆ ಒಲೆಯ ಮುಂದೆ ಕಾಯಿ ಸುಡುತ್ತ ಕೂತ ಹುಡುಗಿಯರಿಗೆ ಆ ಅವಕಾಶ ಅಷ್ಟಾಗಿ ಇರಲಿಲ್ಲ.

ಕಾಯಿ ಸುಡುವುದು ಎಲ್ಲ ಮನೆಯಲ್ಲೂ ನಡೆಯುವ ಆಟ. ಎರಡು ಹೇಜಲ್ ಕಾಯಿಗಳನ್ನು ಒಲೆಯ ಅಂಚಿನ ಕೆಂಡದ ಬಳಿ ಜೋಡಿಯಾಗಿ ಇಡುತ್ತಾರೆ. ಒಂದಕ್ಕೆ ಹುಡುಗಿಯ ಹೆಸರು, ಒಂದಕ್ಕೆ ಹುಡುಗನದು. ಎರಡೂ ಒಟ್ಟಿಗೆ ಸದ್ದಿಲ್ಲದೆ ಉರಿದರೆ ಸುಖ ಸಂಸಾರ. ಒಂದು ಚಟ್ಟನೆ ಸಿಡಿದು ಹಾರಿದರೆ, ಆ ಹೆಸರಿನವರು ಕೈಕೊಡುತ್ತಾರೆ. ಹೆಸರಿಡುವವರು ಹಲವು ಸಲ ಹುಡುಗಿಯಲ್ಲ, ಸುತ್ತ ಕೂತ ಅಕ್ಕಂದಿರು, ಅತ್ತಿಗೆಯರು, ನೆರೆಮನೆಯವರು. ಊರೆಲ್ಲ ಪಿಸುಗುಡುತ್ತಿದ್ದುದನ್ನು ಕಾಯಿಯ ನೆಪದಲ್ಲಿ ಬಾಯಿಬಿಟ್ಟು ಹೇಳುವುದಕ್ಕೆ ಇದೊಂದು ಪರವಾನಗಿ. ಕಾಯಿ ಏನು ಹೇಳಿತು ಎಂಬುದಕ್ಕಿಂತ, ಆ ಹೆಸರು ಕೇಳಿದಾಗ ಅವಳ ಮುಖ ಏನು ಹೇಳಿತು ಎಂದು ನೋಡುವುದರಲ್ಲೇ ಎಲ್ಲರ ಕಣ್ಣು.

ಸೇಬಿನದೂ ಹೀಗೆಯೇ. ಸಿಪ್ಪೆಯನ್ನು ಎಲ್ಲೂ ತುಂಡಾಗದಂತೆ ಒಂದೇ ಎಳೆಯಾಗಿ ಸುಲಿದು ಎಡ ಭುಜದ ಮೇಲಿಂದ ಹಿಂದಕ್ಕೆ ಎಸೆದರೆ, ನೆಲದಲ್ಲಿ ಮೂಡಿದ ಆಕಾರವೇ ಗಂಡನ ಹೆಸರಿನ ಮೊದಲ ಅಕ್ಷರ. ಸಿಪ್ಪೆ ಬಿದ್ದರೆ ಸುರುಳಿ ಸುತ್ತದೆ ಇನ್ನೇನು ಮಾಡೀತು? ಹೆಸರು ಹುಡುಕುವವರಿಗೆ ಬೇಕಾದ ಅಕ್ಷರ ಸಿಕ್ಕೇ ಸಿಗುತ್ತದೆ. ಸೂರಿನಿಂದ ಇಳಿಬಿಟ್ಟ ಕೋಲಿನ ಒಂದು ತುದಿಗೆ ಸೇಬು, ಇನ್ನೊಂದು ತುದಿಗೆ ಉರಿಯುವ ಮೇಣದಬತ್ತಿ ಕಟ್ಟಿ, ಗಿರ್ರನೆ ತಿರುಗಿಸಿ, ಕೈ ಮುಟ್ಟಿಸದೆ ಬಾಯಿಂದ ಕಚ್ಚುವ ಆಟವೂ ಇತ್ತು. ಕಾರ್ಕ್ ಊರಿನ ಚಿತ್ರಕಾರ ಡೇನಿಯಲ್ ಮ್ಯಾಕ್ಲೀಸ್ 1832ರಲ್ಲಿ ಬ್ಲಾರ್ನಿಯ ಪಾದ್ರಿಯೊಬ್ಬರು ಏರ್ಪಡಿಸಿದ್ದ ಹಬ್ಬದ ಕೂಟ ನೋಡಿ, ಮರುವರ್ಷ ಆ ಆಟದ ಹೆಸರಿನಲ್ಲೇ ದೊಡ್ಡ ಚಿತ್ರ ಬರೆದ. ಕೊಟ್ಟಿಗೆಯಂಥ ಹಜಾರದಲ್ಲಿ ಮುದುಕರು, ಮಕ್ಕಳು, ಕುಣಿಯುವವರು, ಕಣಿ ನೋಡುವವರು ಎಲ್ಲ ಕಿಕ್ಕಿರಿದಿದ್ದಾರೆ. ಪಾದ್ರಿಯ ಆತಿಥ್ಯದಲ್ಲೇ ಇದೆಲ್ಲ ನಡೆದಿತ್ತು ಎಂಬುದು ಗಮನಿಸುವಂಥದ್ದು. ಚರ್ಚು ಇಂಥ ಆಚರಣೆಗಳನ್ನು ಸದಾ ಹತ್ತಿಕ್ಕಿತು ಎಂದು ಸಲೀಸಾಗಿ ಹೇಳುವವರು ಈ ಚಿತ್ರ ನೋಡಬೇಕು.

ಉತ್ತರದ ಅಲ್‌ಸ್ಟರ್ ಸೀಮೆಯಲ್ಲಿ, ಸಮುದ್ರದಾಚೆ ಸ್ಕಾಟ್ಲೆಂಡಿನಲ್ಲೂ, ಕೇಲ್ ಸೊಪ್ಪಿನ ಗಿಡ ಕೀಳುವ ಆಟಕ್ಕೆ ಹೆಚ್ಚು ಮಹತ್ವ. ಕಣ್ಣು ಕಟ್ಟಿಕೊಂಡು ತೋಟಕ್ಕೆ ಹೋಗಿ ಕೈಗೆ ಸಿಕ್ಕ ಮೊದಲ ಗಿಡ ಕಿತ್ತು ತರಬೇಕು. ದಂಟು ನೆಟ್ಟಗಿದ್ದರೆ ಗಂಡ ಲಕ್ಷಣವಂತ, ಸೊಟ್ಟಗಿದ್ದರೆ ಗೂನ. ಬೇರಿಗೆ ಅಂಟಿದ ಮಣ್ಣೆಷ್ಟೋ ಬರುವ ಹಣ ಅಷ್ಟು. ದಂಟಿನ ತಿರುಳು ಸಿಹಿಯೋ ಕಹಿಯೋ ಕಚ್ಚಿ ನೋಡಿದರೆ ಅವನ ಸ್ವಭಾವವೂ ಗೊತ್ತಾಗುತ್ತದೆ. ರಾಬರ್ಟ್ ಬರ್ನ್ಸ್ 1785ರಲ್ಲಿ ಬರೆದ ಹ್ಯಾಲೋವೀನ್ ಕವಿತೆಯಲ್ಲಿ ಈ ಆಟಗಳ ಪೂರಾ ಪಟ್ಟಿಯೇ ಇದೆ. ಓದುಗರಿಗೆ ತಿಳಿಯಲಿ ಎಂದು ಅವನು ಅಡಿಟಿಪ್ಪಣಿಯನ್ನೂ ಬರೆದ. ಮಧ್ಯರಾತ್ರಿ ಕನ್ನಡಿ ಮುಂದೆ ಸೇಬು ತಿನ್ನುತ್ತ ಹೆಗಲ ಹಿಂದೆ ಮೂಡುವ ಮುಖ ಕಾಯುವುದು, ತೊಯ್ಸಿದ ಒಳ ಅಂಗಿಯನ್ನು ಬೆಂಕಿಯ ಮುಂದೆ ಹರವಿ, ಅದನ್ನು ಮಗ್ಗುಲು ತಿರುವಲು ಬರುವ ಆಕೃತಿಗಾಗಿ ಮೂಲೆಯಲ್ಲಿ ಅಡಗಿ ಕೂರುವುದು, ಇಂಥವು ಇನ್ನೂ ಬಹಳ. ಎಲ್ಲ ಹೇಳುತ್ತ ಹೋದರೆ ರಾತ್ರಿ ಸಾಲದು.

ಆದರೆ ತಟ್ಟೆಗಳ ಆಟವನ್ನು ಹಾಗೆ ದಾಟಿ ಹೋಗಲಾಗದು. ಮೇಜಿನ ಮೇಲೆ ಮೂರು ನಾಲ್ಕು ಸಣ್ಣ ತಟ್ಟೆಗಳು. ಒಂದರಲ್ಲಿ ಉಂಗುರ, ಒಂದರಲ್ಲಿ ನೀರು, ಒಂದರಲ್ಲಿ ಮಣ್ಣು, ಮತ್ತೊಂದರಲ್ಲಿ ಪ್ರಾರ್ಥನೆಯ ಪುಸ್ತಕ ಅಥವಾ ಜಪಮಾಲೆ. ಕಣ್ಣಿಗೆ ಬಟ್ಟೆ ಕಟ್ಟಿ, ತಟ್ಟೆಗಳನ್ನು ಅದಲುಬದಲು ಮಾಡಿ, ಕೈ ಚಾಚು ಅನ್ನುತ್ತಾರೆ. ಉಂಗುರ ಮುಟ್ಟಿದರೆ ವರ್ಷದೊಳಗೆ ಮದುವೆ. ನೀರಾದರೆ ಸಮುದ್ರ ದಾಟಿ ಪರದೇಶ. ಪ್ರಾರ್ಥನೆಯ ಪುಸ್ತಕವಾದರೆ ಸನ್ಯಾಸಿನಿಯಾಗಿ ಮಠ. ಮಣ್ಣಾದರೆ ಸಾವು.

ಜೇಮ್ಸ್ ಜಾಯ್ಸ್ 1914ರಲ್ಲಿ ಪ್ರಕಟಿಸಿದ 'ಡಬ್ಲಿನರ್ಸ್' ಕಥಾಸಂಕಲನದಲ್ಲಿ 'ಕ್ಲೇ' ಎಂಬ ಕತೆ ಇಡೀ ಈ ಆಟದ ಮೇಲೆ ನಿಂತಿದೆ. ಮರಿಯಾ ಲಾಂಡ್ರಿಯೊಂದರಲ್ಲಿ ದುಡಿಯುವ, ಮದುವೆಯಾಗದ, ವಯಸ್ಸು ಮೀರಿದ ಪುಟ್ಟ ಹೆಂಗಸು. ಹಬ್ಬದ ಸಂಜೆ, ತಾನು ಹಿಂದೆ ನೋಡಿಕೊಂಡು ಬೆಳೆಸಿದವನ ಮನೆಗೆ ಹೋಗುತ್ತಾಳೆ. ಪಕ್ಕದ ಮನೆಯ ತುಂಟ ಹುಡುಗಿಯರು ತಟ್ಟೆ ಜೋಡಿಸಿದ್ದಾರೆ. ಕಣ್ಣು ಕಟ್ಟಿದ ಮರಿಯಾಳ ಬೆರಳಿಗೆ ಏನೋ ಮೆತ್ತಗಿನ, ಒದ್ದೆಯದು ತಗಲುತ್ತದೆ. ಮನೆಯೆಲ್ಲ ಗಪ್‌ಚಿಪ್. ಆಮೇಲೆ ಪಿಸುಪಿಸು, ಗದರಿಕೆ, ಅದನ್ನು ಆಚೆ ಬಿಸಾಡಿ ಎಂಬ ಮಾತು. ಇನ್ನೊಮ್ಮೆ ಆಡಿಸುತ್ತಾರೆ, ಈ ಸಲ ಪ್ರಾರ್ಥನೆಯ ಪುಸ್ತಕ ಸಿಗುತ್ತದೆ. ಅವಳಿಗೆ ಏನು ನಡೆಯಿತೆಂದು ಪೂರ್ತಿ ತಿಳಿದಂತಿಲ್ಲ. ಜಾಯ್ಸ್ ಕೂಡ ಮಣ್ಣು ಎಂಬ ಮಾತನ್ನು ಕತೆಯೊಳಗೆ ಎಲ್ಲೂ ತರುವುದಿಲ್ಲ, ಅದು ಇರುವುದು ತಲೆಬರಹದಲ್ಲಿ ಮಾತ್ರ. ಆಟ ಅನ್ನುವುದು ಆಟವಾಗಿಯೇ ಉಳಿಯಬೇಕಾದರೆ ಎಲ್ಲರೂ ಎಷ್ಟು ಸುಳ್ಳು ಹೇಳಬೇಕಾಗುತ್ತದೆ ಎಂಬುದನ್ನು ಇಷ್ಟು ಚೆನ್ನಾಗಿ ತೋರಿಸಿದ ಇನ್ನೊಂದು ಕತೆ ನನಗೆ ಗೊತ್ತಿಲ್ಲ.

ಇಲ್ಲಿ ಒಂದು ಅಡ್ಡಮಾತು. ಇದೇ ಜಾಯ್ಸ್ 1904ರ ಬೇಸಿಗೆಯಲ್ಲಿ ಇರಲು ಜಾಗವಿಲ್ಲದೆ ಅಲೆಯುತ್ತಿದ್ದಾಗ ಕೆಲ ರಾತ್ರಿ ಮಲಗಿದ್ದು ಡಬ್ಲಿನ್‌ನ ಜೇಮ್ಸ್ ಕಸಿನ್ಸ್ ದಂಪತಿಯ ಮನೆಯಲ್ಲಿ. ಬೆಲ್‌ಫಾಸ್ಟ್‌ನಲ್ಲಿ ಹುಟ್ಟಿದ ಕಸಿನ್ಸ್, ಜಾನಪದ ಮತ್ತು ಪುರಾಣಗಳತ್ತ ಹೊಸಗಣ್ಣಿನಿಂದ ನೋಡಿದ ಐರಿಷ್ ಸಾಹಿತ್ಯ ಪುನರುತ್ಥಾನದ ಕವಿಗಳಲ್ಲೊಬ್ಬರು. 1915ರಲ್ಲಿ ಭಾರತಕ್ಕೆ ಬಂದರು. ಮುಂದೆ ಮೈಸೂರಿನಲ್ಲಿ ತನ್ನ ಇಂಗ್ಲಿಷ್ ಕವಿತೆಗಳನ್ನು ಹಿಡಿದು ಬಂದ ಕುವೆಂಪು ಎಂಬ ವಿದ್ಯಾರ್ಥಿಗೆ, ನಿಮ್ಮ ಭಾಷೆಯಲ್ಲೇ ಬರೆಯಿರಿ ಎಂದು ಹೇಳಿದವರು ಅವರೇ.

ತಟ್ಟೆಗಳಿಗೆ ಮರಳೋಣ. ಉಂಗುರ, ನೀರು, ಮಠ, ಮಣ್ಣು. ಇದನ್ನು ಬರಿಯ ಮೂಢನಂಬಿಕೆ ಎಂದು ಬದಿಗಿಡುವ ಮೊದಲು, ಆ ಕಾಲದ ಐರಿಷ್ ಹಳ್ಳಿಯ ಹುಡುಗಿಯ ಮುಂದೆ ನಿಜಕ್ಕೂ ಇದ್ದ ದಾರಿಗಳು ಯಾವುವು ನೋಡಿ. 1845ರಲ್ಲಿ ಆಲೂಗಡ್ಡೆಗೆ ರೋಗ ತಗಲಿ ಶುರುವಾದ ಮಹಾ ಕ್ಷಾಮದಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು, ಅದಕ್ಕೂ ಹೆಚ್ಚು ಮಂದಿ ದೇಶ ಬಿಟ್ಟರು. ಅದಾದ ಮೇಲೆ ಹೊಲವನ್ನು ಮಕ್ಕಳಿಗೆಲ್ಲ ಹಂಚುವುದನ್ನು ರೈತರು ನಿಲ್ಲಿಸಿದರು. ಹೊಲ ಒಬ್ಬ ಮಗನಿಗೆ, ವರದಕ್ಷಿಣೆ ಒಬ್ಬ ಮಗಳಿಗೆ, ಉಳಿದವರು ಎಲ್ಲಾದರೂ ಬದುಕಿಕೊಳ್ಳಬೇಕು. ಹೊಲ ಕೈಗೆ ಬರುವವರೆಗೆ ಮಗ ಮದುವೆಯಾಗುವಂತಿಲ್ಲ. ಅಪ್ಪ ಹೊಲ ಬಿಟ್ಟುಕೊಡುವುದು ಕೈಲಾಗದೆ ಹೋದಾಗಲೇ. 1911ರ ಹೊತ್ತಿಗೆ ನಡುವಯಸ್ಸು ದಾಟಿದ ಐರಿಷ್ ಹೆಂಗಸರಲ್ಲಿ ಹೆಚ್ಚುಕಡಿಮೆ ಕಾಲುಭಾಗ ಮದುವೆಯನ್ನೇ ಕಂಡಿರಲಿಲ್ಲ. ಯೂರೋಪಿನ ಬೇರೆ ದೇಶಗಳಿಂದ ಹೆಚ್ಚಾಗಿ ಗಂಡಸರು ಅಥವಾ ಇಡೀ ಸಂಸಾರಗಳು ವಲಸೆ ಹೋದರೆ, ಐರ್ಲೆಂಡಿನಿಂದ ಮದುವೆಯಾಗದ ಹುಡುಗಿಯರು ಒಬ್ಬೊಬ್ಬರೇ ಹಡಗು ಹತ್ತಿದರು. ಅಮೆರಿಕದ ಶ್ರೀಮಂತರ ಮನೆಗಳಲ್ಲಿ ಕೆಲಸಕ್ಕೆ ನಿಂತು ಊರಿಗೆ ದುಡ್ಡು ಕಳಿಸಿದರು.

ಹಡಗು ಹತ್ತುವ ಹಿಂದಿನ ರಾತ್ರಿ ಮನೆಯಲ್ಲಿ ನಡೆಯುತ್ತಿದ್ದ ಕೂಟಕ್ಕೆ 'ಅಮೆರಿಕನ್ ವೇಕ್' ಎಂದು ಹೆಸರು. ವೇಕ್ ಅಂದರೆ ಸತ್ತವರ ಮನೆಯಲ್ಲಿ ಹೆಣದ ಜೊತೆ ಬೆಳಗಿನವರೆಗೆ ಎದ್ದಿರುವುದು. ಹೋದವಳು ಮತ್ತೆ ಬರುವುದಿಲ್ಲ ಎಂದು ಎಲ್ಲರಿಗೂ ಗೊತ್ತಿದ್ದುದರಿಂದ ಬದುಕಿರುವವಳನ್ನೇ ಕೂರಿಸಿಕೊಂಡು ಅತ್ತು, ಹಾಡಿ, ಕುಣಿದು ಕಳಿಸಿಕೊಡುತ್ತಿದ್ದರು. ಹೀಗಿರುವಾಗ ನೀರಿನ ತಟ್ಟೆಗೂ ಮಣ್ಣಿನ ತಟ್ಟೆಗೂ ನಡುವಿನ ದೂರ ಎಷ್ಟು? ತಾಯಿಯ ಕಣ್ಣಿಗಂತೂ ಬಹಳ ಇರಲಿಲ್ಲ.

ಇನ್ನು ಮದುವೆ. ಅದು ಹುಡುಗ ಹುಡುಗಿ ಮಾಡಿಕೊಳ್ಳುವ ತೀರ್ಮಾನ ಆಗಿದ್ದುದು ಕಡಿಮೆ. ದಲ್ಲಾಳಿಯೊಬ್ಬ ಎರಡು ಮನೆಗಳ ನಡುವೆ ಓಡಾಡಿ, ಎಷ್ಟು ಎಕರೆ, ಎಷ್ಟು ಹಸು, ಎಷ್ಟು ಹಣ ಎಂದು ಚೌಕಾಸಿ ಮಾಡಿ ಕುದುರಿಸುತ್ತಿದ್ದ. ಈಸ್ಟರ್‌ಗೆ ಮೊದಲಿನ ಉಪವಾಸದ ನಲವತ್ತು ದಿನ ಮದುವೆ ನಿಷಿದ್ಧವಾದ್ದರಿಂದ, ಅದು ಶುರುವಾಗುವ ಮುನ್ನ, ಜನವರಿ ಫೆಬ್ರವರಿಯಲ್ಲಿ ಮದುವೆಗಳ ಭರಾಟೆ. ಆ ವರ್ಷವೂ ಮದುವೆಯಾಗದೆ ಉಳಿದವರ ಬೆನ್ನಿಗೆ, ಉಪವಾಸದ ಮೊದಲ ಭಾನುವಾರ ಚರ್ಚಿಗೆ ಬಂದಾಗ, ಸೀಮೆಸುಣ್ಣದಲ್ಲಿ ಗೀಟು ಎಳೆದು ಗೇಲಿ ಮಾಡುತ್ತಿದ್ದರು. ದಕ್ಷಿಣದ ಮನ್‌ಸ್ಟರ್ ಸೀಮೆಯಲ್ಲಿ ಅದನ್ನು 'ಚಾಕ್ ಸಂಡೇ' ಎಂದೇ ಕರೆಯುತ್ತಿದ್ದರು. ಅಕ್ಟೋಬರ್ ಕೊನೆಯ ಆ ರಾತ್ರಿಯೆಂದರೆ ದಲ್ಲಾಳಿಗಳ ಕಾಲ ಶುರುವಾಗುವ ಮೊದಲು ಹುಡುಗಿಗೆ ಸಿಗುವ ಕೊನೆಯ ಬಿಡುವು. ತನ್ನ ಮನಸ್ಸಿನಲ್ಲಿದ್ದ ಹೆಸರನ್ನು ಅಪ್ಪನ ಮುಂದೆ ಹೇಳಲಾಗದವಳು ಒಂದು ಕಾಯಿಗೆ ಆ ಹೆಸರಿಟ್ಟು ಕೆಂಡದ ಬಳಿ ಇಡಬಹುದಿತ್ತು. ಅಪ್ಪ ಅಮ್ಮ ಅದನ್ನು ನೋಡಿಯೂ ನೋಡದವರಂತೆ ಇರಬಹುದಿತ್ತು. ಈ ಆಚರಣೆಗಳನ್ನು ಮುಂದೇನು ಎಂದು ತಿಳಿಯುವ ಹಂಬಲ ಎಂದು ಮಾತ್ರ ಓದಿದರೆ ಅರ್ಧ ಓದಿದಂತೆ. ಉತ್ತರಕ್ಕಿಂತ ಮಿಗಿಲಾಗಿ, ಬಾಯಿಬಿಟ್ಟು ಕೇಳಲಾಗದ ಪ್ರಶ್ನೆಯನ್ನು ನಾಲ್ಕು ಜನರ ಎದುರು ಇಡುವುದಕ್ಕೆ ಅಲ್ಲಿ ಒಂದು ದಾರಿಯಿತ್ತು.

ಸಾವಿನ ಕಣಿ ಮಾತ್ರ ನಗುನಗುತ್ತ ಆಡುವಂಥದ್ದಲ್ಲ. ಮಲಗುವ ಮೊದಲು ಮನೆಮಂದಿಗೆ ತಲಾ ಒಂದು ಐವಿ ಎಲೆ ಎಂದು ಎಣಿಸಿ ನೀರಿನ ಬಟ್ಟಲಲ್ಲಿ ಹಾಕಿಡುತ್ತಿದ್ದರು. ಬೆಳಿಗ್ಗೆ ಯಾರ ಎಲೆಯಲ್ಲಿ ಕಲೆ ಮೂಡಿತ್ತೋ ಅವರ ಆಯುಸ್ಸು ಕಮ್ಮಿ. ಇನ್ನು ಕೆಲವರು ಹೊಲಿಗೆಯ ಅಂಗುಸ್ತಾನದಲ್ಲಿ ಉಪ್ಪು ತುಂಬಿ ತಟ್ಟೆಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಗುಡ್ಡೆ ಮಾಡಿಡುತ್ತಿದ್ದರು. ಕುಸಿದ ಗುಡ್ಡೆಯವರಿಗೆ ಗಂಡಾಂತರ. ಒಲೆಯ ಬೂದಿಯನ್ನು ನುಣ್ಣಗೆ ಹರವಿಟ್ಟು, ಬೆಳಿಗ್ಗೆ ಅದರಲ್ಲಿ ಹೆಜ್ಜೆಗುರುತು ಹುಡುಕುವುದೂ ಇತ್ತು. ಹೆಜ್ಜೆ ಬಾಗಿಲ ಕಡೆ ಮುಖ ಮಾಡಿದ್ದರೆ ಮನೆಯಿಂದ ಒಬ್ಬರು ಹೋಗುತ್ತಾರೆ. ಸತ್ತ ಹಿರಿಯರು ಆ ಸಮಯಕ್ಕೆ ಮನೆಗೆ ಬಂದು ಹೋಗುತ್ತಾರೆ ಎಂದು ನಂಬಿ, ಬೆಂಕಿ ಆರಿಸದೆ, ಬಾಗಿಲಿಗೆ ಅಗುಳಿ ಹಾಕದೆ ಮಲಗುವ ಮನೆಗಳಿಗೆ, ಒಲೆಯ ಬಳಿ ಹೆಜ್ಜೆ ಕಾಣುವುದೇನೂ ಅಚ್ಚರಿಯಲ್ಲ.

ಇವೆಲ್ಲ ಎರಡು ಸಾವಿರ ವರ್ಷದ ಹಿಂದಿನ ಡ್ರುಯಿಡ್ ಪುರೋಹಿತರಿಂದ ಬಂದವು ಎಂದು ಪ್ರವಾಸೋದ್ಯಮದ ಕರಪತ್ರಗಳು ಹೇಳುತ್ತವೆ. ನಾನು ಅಷ್ಟು ಸುಲಭಕ್ಕೆ ನಂಬಲಾರೆ. ಸೌವಿನ್ ಹಬ್ಬ ಹಳೆಯದು, ಅನುಮಾನವಿಲ್ಲ. ಆದರೆ ಈ ಆಟಗಳ ಬಗ್ಗೆ ವಿವರವಾದ ಬರಹ ಸಿಗುವುದು ಹದಿನೆಂಟನೇ ಶತಮಾನದಿಂದ ಈಚೆಗೆ. ಹಬ್ಬದ ಮುಖ್ಯ ಅಡುಗೆಯಾದ ಕೋಲ್‌ಕ್ಯಾನನ್ ನೋಡಿ: ಬೇಯಿಸಿ ಕಿವುಚಿದ ಆಲೂಗಡ್ಡೆಗೆ ಕೇಲ್ ಸೊಪ್ಪು, ಬೆಣ್ಣೆ ಕಲಸಿ, ಅದರೊಳಗೂ ಉಂಗುರ ಅಡಗಿಸಿಡುತ್ತಾರೆ. ಮೊದಲ ಮತ್ತು ಕೊನೆಯ ತುತ್ತನ್ನು ಕಾಲುಚೀಲಕ್ಕೆ ತುಂಬಿ ಬಾಗಿಲಿಗೆ ನೇತುಹಾಕುವ ಹುಡುಗಿಯರೂ ಇದ್ದರು. ಮೊದಲು ಒಳಗೆ ಬಂದ ಗಂಡಸೇ ಗಂಡ. ಆಲೂಗಡ್ಡೆ ದಕ್ಷಿಣ ಅಮೆರಿಕದಿಂದ ಐರ್ಲೆಂಡ್ ತಲುಪಿದ್ದು ಹದಿನಾರನೇ ಶತಮಾನದ ಕೊನೆಯ ಹೊತ್ತಿಗೆ. ಯಾವ ಡ್ರುಯಿಡ್ ಕೂಡ ಅದರ ರುಚಿ ನೋಡಿರಲಿಲ್ಲ. ಬ್ರಿಟನ್ನಿನ ಹಬ್ಬಗಳ ಇತಿಹಾಸ ಬರೆದ ರೊನಾಲ್ಡ್ ಹಟನ್ ಕೂಡ ಇಂಥ ಕಡೆ ಎಚ್ಚರದಿಂದಿರಿ ಅನ್ನುತ್ತಾರೆ. ಪುರಾತನ ಎನ್ನುವ ಹಣೆಪಟ್ಟಿ ಇಲ್ಲದಿದ್ದರೆ ಆಚರಣೆಯ ಬೆಲೆ ಕಡಿಮೆಯಾಗುತ್ತದೆ ಎಂಬ ಭಾವನೆಯೇ ವಿಚಿತ್ರ. ಕ್ಷಾಮ ಕಂಡ, ಮಕ್ಕಳನ್ನು ಹಡಗಿಗೆ ಹತ್ತಿಸಿದ ಜನ ತಮ್ಮ ಕಾಲದ ಸಂಕಟಕ್ಕೆ ತಾವೇ ಹೊಂದಿಸಿಕೊಂಡ ಆಟ ಎಂದರೆ ನನಗೆ ಅದು ಇನ್ನಷ್ಟು ದೊಡ್ಡದಾಗಿ ಕಾಣುತ್ತದೆ.

ಇಷ್ಟೆಲ್ಲ ನಮಗೆ ತಿಳಿದಿರುವುದಕ್ಕೆ ಶಾಲೆಯ ಮಕ್ಕಳ ಋಣವೂ ಇದೆ. ಸ್ವತಂತ್ರ ಐರ್ಲೆಂಡ್ 1935ರಲ್ಲಿ ಜಾನಪದ ಆಯೋಗವನ್ನು ಸ್ಥಾಪಿಸಿತು. 1937ರಿಂದ 1939ರವರೆಗೆ ಸುಮಾರು 5,000 ಪ್ರಾಥಮಿಕ ಶಾಲೆಗಳ ದೊಡ್ಡ ತರಗತಿಯ ಮಕ್ಕಳು ಅಜ್ಜ ಅಜ್ಜಿಯರನ್ನು, ನೆರೆಯ ಮುದುಕರನ್ನು ಕೇಳಿ ಕಾಪಿಪುಸ್ತಕದಲ್ಲಿ ಬರೆದುಕೊಂಡು ಬಂದರು. ಒಟ್ಟು ಏಳು ಲಕ್ಷಕ್ಕೂ ಹೆಚ್ಚು ಪುಟ. ಈಗ ಅವು ಡಬ್ಲಿನ್‌ನ ಯೂನಿವರ್ಸಿಟಿ ಕಾಲೇಜಿನಲ್ಲಿವೆ, 'ದೂಖಸ್' ಎಂಬ ಜಾಲತಾಣದಲ್ಲಿ ಯಾರು ಬೇಕಾದರೂ ಓದಬಹುದು. ಹನ್ನೊಂದು ಹನ್ನೆರಡರ ಮಕ್ಕಳ ದುಂಡು ಅಕ್ಷರದಲ್ಲಿ ಮಣ್ಣು ಮುಟ್ಟಿದರೆ ಸಾಯುತ್ತಾರೆ, ನೀರು ಮುಟ್ಟಿದರೆ ಅಮೆರಿಕಕ್ಕೆ ಹೋಗುತ್ತಾರೆ ಎಂಬ ವಾಕ್ಯಗಳು ಹವಾಮಾನ ವರದಿಯಷ್ಟು ಸಲೀಸಾಗಿ ಬರುತ್ತವೆ.

ಹಬ್ಬಕ್ಕೆಂದೇ ಮಾಡುವ ಬಾರ್ಮ್‌ಬ್ರ್ಯಾಕ್ ಎಂಬ ಒಣದ್ರಾಕ್ಷಿ ಬ್ರೆಡ್ಡು ಈಗಲೂ ಅಕ್ಟೋಬರ್‌ನಲ್ಲಿ ಐರ್ಲೆಂಡಿನ ಎಲ್ಲ ಸೂಪರ್‌ಮಾರ್ಕೆಟ್‌ಗಳಲ್ಲಿ ಸಿಗುತ್ತದೆ. ಚಹಾದ ಜೊತೆ ಹೋಳು ಮಾಡಿ ಬೆಣ್ಣೆ ಸವರಿ ತಿನ್ನುತ್ತಾರೆ. ಮನೆಯಲ್ಲೇ ಸುಡುತ್ತಿದ್ದ ಕಾಲದಲ್ಲಿ ಹಿಟ್ಟಿನೊಳಗೆ ಉಂಗುರ, ನಾಣ್ಯ, ಚಿಂದಿ ಬಟ್ಟೆ, ಬಟಾಣಿ, ಸಣ್ಣ ಕಡ್ಡಿ ಎಲ್ಲ ಹಾಕುತ್ತಿದ್ದರು. ನಾಣ್ಯ ಸಿಕ್ಕಿದವರು ಹಣವಂತರು, ಚಿಂದಿ ಸಿಕ್ಕಿದವರು ಬಡವರು, ಬಟಾಣಿ ಬಂದರೆ ಈ ವರ್ಷ ಮದುವೆಯಿಲ್ಲ. ಕಡ್ಡಿ ಬಂದವಳಿಗೆ ಗಂಡ ಹೊಡೆಯುತ್ತಾನೆ. ಹೆಂಡತಿಯ ಮೇಲೆ ಕೈ ಮಾಡುವುದನ್ನು ಬಡತನದಂತೆ, ಮಳೆಯಂತೆ ಬರಬಹುದಾದ ಇನ್ನೊಂದು ಸಂಗತಿ ಎಂದು ಸಿಹಿತಿಂಡಿಯೊಳಗೆ ಇಟ್ಟು ಹಂಚುತ್ತಿದ್ದರು ಎಂಬುದನ್ನು ಓದುವಾಗ ನನಗೆ ತಡೆದು ನಿಲ್ಲುವಂತಾಯಿತು. ಬೇಕರಿಯ ಯಂತ್ರಗಳು ಬಂದ ಮೇಲೆ ಒಂದೊಂದೇ ಬಿಟ್ಟುಹೋದವು. ಇಂದಿನ ಪೊಟ್ಟಣದೊಳಗೆ ಇರುವುದು ಕಾಗದದಲ್ಲಿ ಸುತ್ತಿದ ಹಗುರ ಲೋಹದ ಉಂಗುರವೊಂದೇ. ಹಲ್ಲಿಗೆ ತಗುಲೀತೆಂದು, ಒಳಗೆ ಉಂಗುರವಿದೆ ಎಂದು ಹೊರಗೆ ಅಚ್ಚು ಹಾಕಿರುತ್ತಾರೆ. ಅದಕ್ಕಾಗಿ ಈಗ ಹೋಳಿಗೆ ಹೋಳು ಕೆದಕಿ ಜಗಳವಾಡುವವರು ಆರೇಳು ವರ್ಷದ ಮಕ್ಕಳು.